ಚೀಲ ನೋಡ್ರಿ

ಬ್ಯಾಡಗಿ. ಸೋಮವಾರದ ಟೆಂಡರ್ ಮುಗಿದು ಮೂರನೇ ರಾತ್ರಿ.
ದಲಾಲಿ ಅಂಗಡ್ಯಾಗ ನಾನು, ಸತ್ತ ಕಂಪ್ಯೂಟರು,
ಫ್ಯಾನಿನ ಎಲಿ ಎಲಿಗೂ ಕೆಂಪು ಘಾಟು.

ವಿಂಡೋಸ್, ಐದೂವರಿ ಜೀಬಿ.
ನನ್ನ ಲ್ಯಾಪ್‌ಟಾಪಿನ್ಯಾಗ ಜಾಗಾ ಇಲ್ಲ,
ಸೀದಾ ಪೆನ್‌ಡ್ರೈವಿಗೆ ಇಳಸಾಕತ್ತೇನಿ.
ನೆಟ್ ಬೈದೆ. ಕರೆಂಟ್ ಬೈದೆ.
ಮಾಳಿಗಿ ಏರಿ ಮೊಬೈಲ್ ನೀರಿನ ಟಾಕಿ ಮ್ಯಾಲಿಟ್ಟೆ.
ಸಾವ್ಕಾರನ ಮಗ ಸಿನಿಮಾ ನೋಡತಾನಂತ
ವೈಫೈ ಕಿತ್ತು ಜಗಳಾ ತಗದೆ.
ಹರೀತು. ಮತ್ತ ಹಚ್ಚಿದೆ. ಮತ್ತ ಹರೀತು.

ಚೀಲ ಹೊಲಿಯೋ ದಾವಲಸಾಬ
ದಬ್ಬಣ ಟೊಪಗಿಗೆ ಸಿಗಿಸಿ ಬಾಗಲದಾಗ ನಿಂತ:
'ಎಲ್ಲಿಗೆ ಬಂದು ಹರೀತೈತ್ರಿ?'
ನಾಕರ ಹತ್ರ.
'ದಿನಾ ನಾಕಕ್ಕನಾ?'
ದಿನಾ.
'ಹಂಗಾರ ಕಾಯಿ ಬೈಬ್ಯಾಡ್ರಿ, ಚೀಲ ನೋಡ್ರಿ.'

ನೋಡಿದೆ. ಪೆನ್‌ಡ್ರೈವು ಹಳೇ ನಮೂನಿದು,
ಹೊಟ್ಟಿ ಮೂವತ್ತೆರಡರದ್ದು, ಖರೆ
ತುತ್ತು ನಾಕು ದಾಟಿದ್ರ ನುಂಗಂಗಿಲ್ಲ.

ಫಾರ್ಮ್ಯಾಟ್ ಒತ್ತೋ ಮುಂದ ಕೈ ತಡೀತು:
ಅದರಾಗ ಹೋದ ವರ್ಷದ ತೂಕದ ಪಟ್ಟಿ,
ಯಾರದೋ ಕೂಸಿನ ಒಂದು ಫೋಟೋ.
ಫೋಟೋ ಮೊಬೈಲಿಗೆ ಹಾಕ್ಕೊಂಡೆ.
ಪಟ್ಟಿ ಮರತೆ.

ನಸುಕಿನ್ಯಾಗ ಪೂರಾ ಇಳೀತು.
ಅರವತ್ನಾಕು ಅಕ್ಷರದ ಗುರುತು ತಾಳೆ ಹಚ್ಚಾಕತ್ತೇನಿ,
ಬೆರಳಿಟ್ಟು, ಒಂದೊಂದ.
ಹದಿನೇಳನೇದಕ್ಕ ಬಂತು ನೋಡ್ರಿ
ಸೀನು.
ಮತ್ತ ಮೊದಲಿಂದ.