ಮೂರನೇ ಪಾಳಿ

ಲಿವಾದ ಮರಳಿನಂಚಿಗೆ, ತಗಡಿನ ಕ್ಯಾಬಿನ್ನಿನೊಳಗೆ
ನಾನು ಟೈಮ್‌ಕೀಪರು.
ಇನ್ನೂರ ಹನ್ನೆರಡು ಮಂದಿಯ ಬಂದದ್ದು, ಹೋದದ್ದು
ನನ್ನ ನೀಲಿ ಪೆನ್ನಿನ ಸುಪರ್ದಿಗೆ.

ಗ್ರಹಣಕ್ಕೂ ಒಂದು ಡ್ಯೂಟಿ ಶೀಟು ಇದೆಯೆಂದು
ತಿಳಿದದ್ದು ಹಿಂದಿನ ರಾತ್ರಿ:
ಹದಿನೆಂಟು ವರ್ಷ, ಹನ್ನೊಂದು ದಿನ,
ಮೇಲೆ ಎಂಟು ತಾಸು.

ಎಂಟು ತಾಸು!
ನಮ್ಮದೇ ಲೆಕ್ಕ ಅದು, ಒಂದು ಪಾಳಿ.
ಅಷ್ಟರಲ್ಲಿ ಭೂಮಿ ಮೂರರಲ್ಲೊಂದು ಸುತ್ತು ಸರಿದಿರುತ್ತದೆ;
ಅದೇ ನೆರಳು, ಅದೇ ಬಳೆ,
ಬೇರೆ ಯಾರದೋ ನೆತ್ತಿಯ ಮೇಲೆ.

ಅರವತ್ತೈದರಲ್ಲಿ ನಮ್ಮ ದೇಶದ ಕಡೆ.
ಎಂಬತ್ತಮೂರರಲ್ಲಿ ಆಫ್ರಿಕಾ.
ಎರಡು ಸಾವಿರದ ಒಂದರಲ್ಲಿ ಅಮೆರಿಕದ ನಡುಸೊಂಟ;
ಇಲ್ಲಿ ಆಗ ನಡುರಾತ್ರಿ, ನಿದ್ದೆ.
ಈಗ ಮೂರೂ ಪಾಳಿ ಮುಗಿಸಿ
ಹತ್ತೊಂಬತ್ತರ ಡಿಸೆಂಬರಿಗೆ
ಮತ್ತೆ ಇತ್ತ.

ಹೇಳಿದರೆ ವೆಲ್ಡರ್ ಇದಿನಬ್ಬ ನಕ್ಕ:
"ನಮ್ಮ ರಂಜಾನು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರ್ತದೆ ಮಾರಾಯ್ರೆ,
ನಿಮ್ಮ ಗ್ರಹಣ ಹನ್ನೊಂದು ದಿನ ಮುಂದೆ ಹೋಗ್ತದೆ.
ಎಲ್ಲಿಯಾದ್ರೂ ಎದುರುಬದುರಾದ್ರೆ
ಓವರ್‌ಟೈಮ್ ಯಾರ ಲೆಕ್ಕಕ್ಕೆ?"

ಅವನದೇ ಗಾಜು, ಹದಿನಾಲ್ಕನೇ ನಂಬರಿನದು.
ಮುಖವಾಡದಿಂದ ಕಳಚಿ
ಕೈಯಿಂದ ಕೈಗೆ. ಡ್ರೈವರ್ ಗುಲ್ ಜಮಾನ್
ತಿರುಗಿಸಿ ತಿರುಗಿಸಿ ನೋಡಿದ, ಮಾತಾಡಲಿಲ್ಲ.
ಖರ್ಜೂರದ ಗರಿಗಳ ಮೇಲೆ ಎರಡು ಮಾರು ಎತ್ತರದಲ್ಲಿ
ಸೂರ್ಯನ ನಡು ಕಿತ್ತು
ಅಂಚನ್ನಷ್ಟೇ ಬಿಟ್ಟಿದ್ದರು.
ಮರಳಿನ ಬಣ್ಣ ತಣ್ಣಗಾಯಿತು, ಹಳೆಯ ತಾಮ್ರದ ಹಾಗೆ.
ಇದಿನಬ್ಬ ಬೂಟು ಬಿಚ್ಚಿ ನಮಾಜಿಗೆ ನಿಂತ.
ಮೆಸ್ಸಿನಲ್ಲಿ ಪೂರಿ ಕರಿಯುತ್ತಲೇ ಇದ್ದರು.

ಚಂಚಲಾಕ್ಷಿಗೆ ಫೋನು ಮಾಡಿದೆ, ಸೋಮೇಶ್ವರಕ್ಕೆ.
"ಇಲ್ಲಿ ಇನ್ನೂ ಕುಡುಗೋಲಿನ ಹಾಗಿದೆ," ಎಂದಳು.
"ಅತ್ತೆ ಉಪ್ಪಿನಕಾಯಿ ಭರಣಿಗೂ ದರ್ಬೆ ಹಾಕಿದ್ದಾರೆ."
ಇಲ್ಲಿಂದ ಹೊರಟಾಯಿತು, ಎಂದೆ.
ತಡಿ, ಇನ್ನೊಂದು ಹದಿನೈದು ನಿಮಿಷ.
ಹೇಳಿದ ಮೇಲೆ ಬಾಯಿ ಕಟ್ಟಿತು.
ನನ್ನ ರಜೆಗೆ ಇನ್ನೂ ಹದಿಮೂರು ತಿಂಗಳು.

ಫೋನು ಇಡಲಿಲ್ಲ.
ಆಚೆ ಕಾಗೆ ಸದ್ದು, ಪಕ್ಕದ ಮನೆಯ ಮಕ್ಕಳ ಕೂಗು,
ಆಮೇಲೆ ಅವಳ ಉಸಿರು: "ಹೋ, ಬಂತು."

ಮುಂದಿನ ಸುತ್ತು ಮುಗಿದು ಈ ಕಡೆ ತಿರುಗುವುದು ಎಪ್ಪತ್ತನಾಲ್ಕಕ್ಕೆ.
ಆ ಶೀಟಿನಲ್ಲಿ ನಮ್ಮ ಇನ್ನೂರ ಹನ್ನೆರಡರಲ್ಲಿ
ಯಾರ ಹೆಸರಿದ್ದೀತು?
ಗಾಜು ಇದ್ದೀತು, ಬೀಳಿಸದಿದ್ದರೆ.

ಏಳು ಮೂವತ್ತಾರರಿಂದ ಹತ್ತಿರ ಹತ್ತಿರ ಮೂರು ನಿಮಿಷ
ಯಾರೂ ಕೆಲಸ ಮಾಡಲಿಲ್ಲ.
ಕತ್ತರಿಸಲಿಲ್ಲ ನಾನು. ಷರಾ ಎಂಬ ಅಂಕಣದಲ್ಲಿ,
ಸೂಪರ್‌ವೈಸರಿಗೆ ಬಾರದ ಕನ್ನಡದಲ್ಲಿ, ಬರೆದೆ:
ಒಬ್ಬರು ಹೆಚ್ಚುವರಿ ಬಂದಿದ್ದರು.
ಹಾಜರಿ ಸರಿಯಿದೆ.