ಓದಿ ಹೇಳಾವ್ರಿಗೆ

ಬೆಳಗಾವಿ ಕೋಟಿ. ಬಹುಧಾನ್ಯ ಸಂವತ್ಸರ, ಚೈತ್ರ.
ಸಂಪಗಾವಿ ಲಗಮಣ್ಣಗ
ಅಡಿವೆಪ್ಪ ಬರಸೂ ಕಾಗದ.
'ಇತ್ತ ಕ್ಷೇಮ' ಅಂತ ಆಗಲೇ ಬರದುಬಿಟ್ಟಾನ
ಕುಲಕರ್ಣ್ಯಾರ ಹುಡುಗ ವೆಂಕೋಬ.
ಹೊಡದಹಾಕು ಅಂದ್ರ ಕೇಳವಲ್ಲ,
ಕಾಗದ ಶುರುವಾಗೂದ ಹಂಗಂತ.
ಇರಲಿ ಬಿಡು.

ಕಾಲು ಹೋತು, ಲಗಮಾ.
ಎಡಗಾಲು, ಮಣಕಾಲಿನ ಕೆಳಗ.
ಹಡಪದ ಸಂಬಣ್ಣ ಗರಗಸ ಕಾಯಿಸಿದಾಗ
ಬಾಯಾಗ ಕುದರಿ ಲಗಾಮು ಕಚ್ಚಿಸಿದ್ರು.
ತೊಗಲಿನ ಮ್ಯಾಲ ನನ್ನ ಹಲ್ಲು ಮೂಡ್ಯಾವ.
ಕುದರಿಯಾಂವ ದಿನಾ ಬಂದು ಕೇಳತಾನ,
ಲಗಾಮಿನ ರೊಕ್ಕ ಯಾರು ಕೊಡಾವ್ರು ಅಂತ.

ಮಲಗಿಸಿದ್ದು ಕೋಟಿಯೊಳಗಿನ ಹಳೇ ಬಸದ್ಯಾಗ.
ಮ್ಯಾಲ ನೋಡಿದ್ರ ಕಲ್ಲಿನ ಕಮಲ,
ತಲಿಕೆಳಗಾಗಿ ತೂಗಿಬಿದ್ದೈತಿ.
ಎಸಳು ಎಣಸತೀನಿ, ದಿನಕ್ಕೊಂದು ಲೆಕ್ಕ ಬರತೈತಿ.
ಮಗ್ಗಲಿನ ಅರಬ ಸಿಪಾಯೀನೂ ಎಣಸತಿದ್ದ.
ಅವನ ಮಾತು ನನಗ ತಿಳೀತಿದ್ದಿಲ್ಲ,
ತುಟಿ ಮಾತ್ರ ಕಾಣತಿತ್ತು.
ನಿನ್ನೆ ರಾತ್ರಿ ತುಟಿ ನಿಂತುವು.

ಸುದ್ದಿ ಅಂದ್ರ ಇಷ್ಟ:
ಇಪ್ಪತ್ತು ದಿನ ತೋಪು ಹಾರಿದುವು.
ಜ್ವಾಳ ಮುಗದು ನವಣಿ ಬಂತು,
ನವಣಿ ಮುಗದು ಕಿಲ್ಲೇದಾರರ ಮಾತು ಬಂತು:
ಪೇಶವೆ ಸರಕಾರದ ದಂಡು ನಾಳೆ ಬರತೈತಿ,
ಎಂಟು ತಿಂಗಳ ಪಗಾರ ನಾಳೆ ಬರತೈತಿ.
ಆ ನಾಳೆ ಎಂಥಾದ್ದು ಅಂತ ನಿನಗ ಗೊತ್ತು.
ಅದನ್ನ ನೋಡೇ ನೀ ಸಂಕ್ರಮಣದ ಮುಂದ
ಕಂಪನಿಯವರ ಪಟ್ಟಾ ಕಟಗೊಂಡಿ.
ನಾ ನಿನ್ನ ಮಾರಿಗೆ ಉಗಳಿದೆ.
ಉಗಳಿದ್ದನ್ನ ಈ ಹುಡುಗ ಬರಿಯವಲ್ಲ.
ಬರಿಯೋ ತಮ್ಮಾ, ಅದೂ ಸುದ್ದೀನ.

ಯುಗಾದಿಗೆ ಇನ್ನೂ ಐದಾರು ದಿನ ಇತ್ತು.
ಮುಂಜಾನೆ ನಿಮ್ಮ ಕಡೆ ಮದ್ದಿನ ಕೊಟಡಿ ಸಿಡೀತು.
ಕೋಟಿ ಮ್ಯಾಲ ಎಲ್ಲಾರೂ ಹರಹರ ಅಂತ ಕುಣದ್ರು.
ನಾನೂ ಕುಣದೆ, ಸುಳ್ಳ್ಯಾಕ ಹೇಳಲಿ.
ಹೊಗಿ ಏರಿದ ಮ್ಯಾಲ
ಒಂದು ರುಮಾಲು ಗಾಳ್ಯಾಗ ಬಿಚಗೋತ ಹಾರೂದು ಕಂಡೆ,
ಹಳದೀದು, ಕೆಂಪಂಚಿಂದು.
ಅಂಥಾ ರುಮಾಲು ಸಾವಿರ ಮಂದೀವು ಇರತಾವ.

ದಿಡ್ಡಿ ಬಾಗಿಲಾ ತಗದು ಬಿಟ್ರು ನಮ್ಮನ್ನ, ಹೊಡೀರಿ ಅಂತ.
ಎಲ್ಲಾರೂ ತೋಪಿನ ಕಡೆ ಓಡಿದ್ರು.
ನಾ ಬಿದ್ದವರ ಕಡೆ ಓಡಿದೆ.
ಮೂವರನ್ನ ಹೊಳ್ಳಿಸಿ ನೋಡಿದೆ.
ಒಬ್ಬಗ ಮೀಸೀನ ಮೂಡಿದ್ದಿಲ್ಲ.
ಒಬ್ಬಗ ಮಾರೀನ ಇದ್ದಿದ್ದಿಲ್ಲ, ಬೆನ್ನು ನೋಡಿದೆ,
ಹುಣಸೀಗಿಡದಿಂದ ಬಿದ್ದ ನಿನ್ನ ಕಲೆ ಅಲ್ಲಿ ಇದ್ದಿದ್ದಿಲ್ಲ.
ಮೂರನೇದಾಂವ ನೀರು ಅಂದ, ಕನ್ನಡದಾಗ.
ನಾಕನೇದಾಂವನ ಭುಜಾ ಹಿಡಿಯೂದರಾಗ ಗುಂಡು ಬಡೀತು.
ಯಾರ ಗುಂಡು ಅನ್ನೂದು ಗೊತ್ತಿಲ್ಲ.
ನಮ್ಮ ಜಮಾದಾರ ಅಂತಾನ:
ಹೆಣದ ಕಿವ್ಯಾಗಿನ ಮುರುವು ಕೀಳಾಕ ಹೋಗಿದ್ದ ಕಳ್ಳ.
ಹೌದು ಅಂದೆ.
ಖರೇ ಹೇಳಿದ್ದ್ರ ಫಿತೂರಿ ಆಗತಿತ್ತು.

ಈಗ ಕೋಟಿ ಕೊಟ್ಟಾತು.
ನಿಮ್ಮ ನಿಮ್ಮ ಸಾಮಾನು ತಗೊಂಡು ಹೋಗರಿ ಅಂದಾರ ನಿಮ್ಮವರು.
ಸಾಮಾನಂದ್ರ ನನ್ನ ಕಡೆ ನಿನ್ನ ಮೆಟ್ಟು ಅದಾವ,
ನಿಮ್ಮಕ್ಕನ ಮದಿವ್ಯಾಗ ಕಡಾ ತಗೊಂಡು ತಿರುಗಿ ಕೊಡಲಾರದ್ದು.
ಬಲಗಾಲಿಂದು ಸವದೈತಿ.
ಎಡಗಾಲಿಂದು ಇನ್ನ ಮ್ಯಾಲ ಸವಿಯಂಗಿಲ್ಲ.

ಓದಿ ಹೇಳಾವ್ರ, ಇಲ್ಲಿಂದ ಸಾವಕಾಶ ಓದರಿ.
ಅವಗೂ ನನಗೂ ಅಕ್ಷರ ಬರಂಗಿಲ್ಲ,
ಅಯ್ಯನವರು ಮಳ್ಳಿನ ಮ್ಯಾಲ ತಿದ್ದಸೂ ಹೊತ್ತಿನ್ಯಾಗ
ನಾವಿಬ್ಬರೂ ಮಲಪ್ರಭಾದಾಗ ಇರತಿದ್ದಿವಿ.
ಅವನ ಎದುರಿಗೆ ಕೂತು ಓದರಿ.
ಅಂವಾ ಇರದಿದ್ರ
ಅವನ ಅವ್ವನ ಮುಂದ ಓದಬ್ಯಾಡರಿ,
ಉಗಳಿದ್ದು ಆಕಿಗೆ ಗೊತ್ತಿಲ್ಲ.

ಇದ್ರ, ಲಗಮಾ,
ಉತ್ತರದಾಗ ಕ್ಷೇಮ ಅಂತ ಬರಸಬ್ಯಾಡ,
ಅದನ್ನ ಯಾವ ಕುಲಕರ್ಣಿ ಬೇಕಾದ್ರೂ ಬರೀತಾನ,
ಸತ್ತವರ ಹೆಸರಿಲೇನೂ ಬರೀತಾನ.
ಗರಡಿ ಹಿಂದಿನ ಬಾವ್ಯಾಗ
ಅವತ್ತು ನಾವು ಒಗದದ್ದು ಏನು,
ಅದರ ಹೆಸರೊಂದ ಬರಸು.

ಏನು ಒಗದ್ರಿ ಅಂತ ವೆಂಕೋಬ ಕೇಳಾಕತ್ತಾನ.
ನಾ ಹೇಳಿಲ್ಲ.
ಹೇಳಿಲ್ಲ ಅನ್ನೂದನ್ನೂ ಬರದಾನ.