ಎರಡೂ ಮುಕ್ಕಾಲು

ಮೂರು ತಿಂಗಳಿಗೊಮ್ಮೆ ಬರುತ್ತದೆ ಈ ಹಾಳೆ
ಸಾಲದ ಕಂಪನಿಯಿಂದ, ನನ್ನಂಥ ದಲ್ಲಾಳಿಗೆ:
ನಿನ್ನ ಪಾಲೆಷ್ಟೆಂದು ನೀನೇ ಬರೆ.
ನೂರಕ್ಕೆ ಒಂದರಿಂದ ಎರಡೂ ಮುಕ್ಕಾಲರ ತನಕ
ಯಾವ ಅಂಕಿಯಾದರೂ ಸರಿ.
ಬರೆದ ಮೇಲೆ ಮಾತ್ರ ಎಲ್ಲರಿಗೂ ಅದೇ,
ಪಾದ್ರಿಯ ತಂಗಿಗೂ, ಕುಡುಕ ಬಡಗಿಗೂ.

ನಾಲ್ಕು ವರ್ಷದಿಂದ ಬರೆದದ್ದು ಎರಡೂ ಮುಕ್ಕಾಲು.
ಕೈ ತಾನಾಗಿ ಬರೆಯುತ್ತದೆ, ಸಹಿಯ ಹಾಗೆ.

ಕಳೆದ ವಾರ ಬೆಲ್ಮೀರೊ ಬಂದಿದ್ದ, ಜುಲ್ಮೀರಾ ಜೊತೆ.
ಹನ್ನೊಂದು ದಿನ ಕಡಲಲ್ಲಿದ್ದು ಬಂದವನು,
ಬೆರಳ ಸಂದಿಯಲ್ಲಿ ಸ್ಕ್ಯಾಲಪ್ ಚಿಪ್ಪು ಕುಯ್ದ ಗೀರು.
ನ್ಯೂ ಬೆಡ್ಫರ್ಡಿನ ಮೂರಂತಸ್ತಿನ ಮರದ ಮನೆಗೆ
ಮೂರು ಲಕ್ಷದ ಎಂಬತ್ತು ಸಾವಿರ ಡಾಲರ್ ಸಾಲ.
ನಾನು ಎಂದಿನಂತೆ ಅಂದೆ:
"ನನಗೆ ನೀವು ಒಂದು ಕಾಸೂ ಕೊಡಬೇಕಿಲ್ಲ,
ಕಂಪನಿಯೇ ಕೊಡುತ್ತದೆ."
ಸುಳ್ಳಲ್ಲ ಅದು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಅಷ್ಟೆ,
ಮೂವತ್ತು ವರ್ಷದ ಬಡ್ಡಿಯೊಳಗಿಂದ.

"ಕಂಪನಿಗೆ ಯಾರು ಕೊಡುತ್ತಾರೆ, ದಿಯೊಲಿಂಡಾ?

ನಮ್ಮ ದೋಣಿ ದಡ ಸೇರಿದ ದಿನ
ಅಡುಗೆಕೋಣೆ ಬಾಗಿಲಿಗೆ ಲೆಕ್ಕ ಅಂಟಿಸುತ್ತಾರೆ.
ಮೊದಲು ಡೀಸೆಲ್, ಮಂಜುಗಡ್ಡೆ, ತಿಂದ ಊಟ,
ಆಮೇಲೆ ದೋಣಿಯ ಪಾಲು, ಕ್ಯಾಪ್ಟನ್ ಪಾಲು,
ಕೊನೆಗೆ ನಾವು ಏಳು ಜನ.
ಬೈಯುತ್ತೇವೆ, ಬೈಯದೆ ಇರುತ್ತೇವೆಯೆ?
ಆದರೆ ನೋಡಿ ಬೈಯುತ್ತೇವೆ.
ನಿನ್ನ ಬಾಗಿಲು ಯಾವುದು?"

ಎರಡನೇ ಪುಟದ ಸಣ್ಣಕ್ಷರ ತೋರಿಸಿದೆ:
ಹತ್ತು ಸಾವಿರದ ನಾನೂರ ಐವತ್ತು.
ಜುಲ್ಮೀರಾ ಅದನ್ನು ತುಟಿಯಲ್ಲೇ ಪೋರ್ಚುಗೀಸಿಗೆ ತಿರುಗಿಸಿಕೊಂಡಳು.
ನಮ್ಮವರು ದುಡ್ಡೆಣಿಸುವುದು ಇನ್ನೂ ತಾಯ ಮಾತಲ್ಲೇ.

ಇಳಿಸು, ಅಂದ.
ಆಗುವುದಿಲ್ಲ, ಕಾನೂನು.
ಒಬ್ಬರಿಂದ ಹೆಚ್ಚು ಕೀಳಬಾರದೆಂದು ಹಾಕಿದ ಬೇಲಿ
ಒಬ್ಬರಿಗೆ ಬಿಟ್ಟುಕೊಡಲೂ ಬಿಡದು.
ಇನ್ನೊಂದು ದಾರಿಯಿದೆ: ಕಂಪನಿ ಬೇಡ, ನೀನೇ ಕೊಡು ನನಗೆ,
ಆಗ ಚೌಕಾಸಿ ಮಾಡಬಹುದು, ಬಡ್ಡಿಯೂ ಇಳಿಯುತ್ತದೆ.
ಕೈಯಲ್ಲಿ ಕಾಸಿರಬೇಕು.
ಅವನು ಜೇಬು ಮುಟ್ಟಲಿಲ್ಲ. ಕಿಟಕಿ ನೋಡಿದ.
ಪೆನ್ನು ಕೇಳಿದ.

ಅಮ್ಮ ಮೀನು ಮಾರುತ್ತಿದ್ದಳು, ಅಸೋರೆಸ್ ದ್ವೀಪದಲ್ಲಿ.
ತೂಗಿದ ಮೇಲೆ ಒಂದು ಸಾರ್ಡೀನ್ ಕೊಸರು,
ಜಗಳಗಂಟಿಯರಿಗೆ ಎರಡು.
ನನ್ನ ತಕ್ಕಡಿಯಲ್ಲಿ ಕೊಸರು ಹಾಕಿದರೆ ದಂಡ.

ಇವತ್ತು ಮಾರ್ಚ್ ಮೂವತ್ತೊಂದು.
ಅಂಗಡಿಯ ಬಾಡಿಗೆ, ಹೀಟರ್ ಬಿಲ್ಲು, ಸಹಾಯಕಿಯ ಸಂಬಳ,
ಎಲ್ಲ ಈ ಚೌಕದ ಸುತ್ತ ಕೂತಿವೆ.
ಎರಡು, ಎಂದು ಬರೆದೆ.
ಪೆನ್ನು ನಿಂತಿತು.
ಕಾಲು, ಎಂದು ಬರೆದೆ.

ಬೆಲ್ಮೀರೊನ ಸಾಲಕ್ಕಾದರೆ ಸಾವಿರದ ಒಂಬೈನೂರು ಉಳಿಯುತ್ತಿತ್ತು.
ಉಳಿಯಲಿಲ್ಲ; ಇದು ಲೆಕ್ಕಕ್ಕೆ ಬರುವುದು ನಾಳೆಯಿಂದ.
ಯಾರೋ ಬರುತ್ತಾರೆ, ಹೆಸರು ಗೊತ್ತಿಲ್ಲ,
ಇಳಿದದ್ದು ಅವರಿಗೆ ಗೊತ್ತಾಗದು.
ಎರಡೂ ಕಾಲನ್ನೇ ಜಾಸ್ತಿಯಾಯಿತು ಅನ್ನುತ್ತಾರೆ.

ಹಾಳೆಯ ಇನ್ನೊಂದು ಪ್ರತಿ ತೆಗೆದೆ,
ಟೇಪು ಹಲ್ಲಲ್ಲಿ ಕತ್ತರಿಸಿ ಬಾಗಿಲ ಬಳಿ ಹೋದೆ.
ಅಕ್ಷರ ಒಳಮುಖವೋ ಹೊರಮುಖವೋ ಎಂದು
ಗಾಜಿನೆದುರು ಸ್ವಲ್ಪ ಹೊತ್ತು
ನಿಂತೇ ಇದ್ದೆ.